ಕೆಂಪು ಚೀಟಿ ಕಟ್ಟಿದ ಲೋಟ

ಫೆಬ್ರವರಿ ೩, ಸೋಮವಾರ

ಈ ಪುಸ್ತಕ ಬಿಟ್ಟಿ ಬಂದದ್ದು. ಇವತ್ತು ನಮ್ಮ ಲಾಂಡ್ರಿಗೆ ಒಬ್ಬ ಹುಡುಗಿ ಬಂದಳು. ಆಸ್ಪತ್ರೆಯ ಕೆಲಸವನ್ನೆಲ್ಲ ಚುರುಕು ಮಾಡಿಸಲು ಮೇಲಿನವರು ಹೊರಗಿನಿಂದ ಕರೆಸಿದ್ದಾರಂತೆ. ಅದಕ್ಕೆ ಲೀನ್ ಪದ್ಧತಿ ಎಂದು ಹೆಸರು. ಮ್ಯಾನೇಜರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಲೀನ್ ಅಂದ್ರೆ ಬೊಜ್ಜು ಕರಗಿಸೋದು. ಕೆಲಸದಲ್ಲಿ ಬೇಡದ್ದು ಏನೂ ಇರಬಾರದು," ಎಂದು ಹೊಟ್ಟೆ ಒಳಗೆಳೆದುಕೊಂಡು ಹೇಳಿದರು.

"ಸಂಬಳದ ಬೊಜ್ಜೂ ಕರಗುತ್ತಾ ಸಾರ್?" ಎಂದು ಇಸ್ತ್ರಿ ಅಣ್ಣ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆನೋ ಏನೋ, ನೆನಪಿಲ್ಲ.

ಹುಡುಗಿ ಮಾತೆತ್ತಿದರೆ "ಯಾಕೆ?" ಎನ್ನುತ್ತಾಳೆ. ಈ ಟ್ರಾಲಿ ಇಲ್ಲಿ ಯಾಕೆ, ಆ ಬಾಗಿಲು ಯಾಕೆ ಮುಚ್ಚಿದೆ, ಚಾದರ ಎರಡು ಸಲ ಯಾಕೆ ಎಣಿಸ್ತೀರಿ. ಊಟದ ಹೊತ್ತಿಗೆ ಅವಳಿಗೆ ಯಾಕಮ್ಮ ಎಂದು ಹೆಸರು ಬಿದ್ದಾಗಿತ್ತು. ಮೇಲ್ವಿಚಾರಕಿ ನಾನಾದ್ದರಿಂದ ಈ ಪುಸ್ತಕ ನನ್ನ ಕೈಗೆ ಬಂತು. "ದಿನಾ ಕಣ್ಣಿಗೆ ಬಿದ್ದಿದ್ದು ಒಂದಾದ್ರೂ ಬರೀರಿ ಅಕ್ಕ. ಯಾರಿಗೂ ತೋರಿಸ್ಬೇಕಾಗಿಲ್ಲ," ಎಂದಳು.

ಕಣ್ಣಿಗೆ ಬಿದ್ದದ್ದು: ಏನೂ ಇಲ್ಲ.

ಫೆಬ್ರವರಿ ೫, ಬುಧವಾರ

ಊಟದ ಬಿಡುವಿನಲ್ಲಿ ಮಡಿಸುವ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾದಿನಿ ಮತ್ತೆ ಫೋನ್ ಮಾಡಿದ್ದಳು. ಅದೇ ಮಾತು.

"ಅತ್ತಿಗೆ, ನೀವು ಬೆಳಗ್ಗೆ ಹೋದ್ರೆ ಸಂಜೆ ಬರ್ತೀರಿ. ಅಮ್ಮ ಒಬ್ಬರೇ. ಅಣ್ಣ ಇದ್ದಾಗ ಬೇರೆ ಮಾತು. ನಮ್ಮನೇಲಿ ಹಿಂದಿನ ರೂಮು ಖಾಲಿ ಇದೆ. ಹೂಂ ಅನ್ನಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ನೋಡೋಣ ಕಣಮ್ಮಾ," ಎಂದೆ. ಅವಳ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಒಮ್ಮೆ ಹೋದರೆ ಅತ್ತೆ ಮತ್ತೆ ಈ ಮನೆಗೆ ಬರುವುದು ಅಷ್ಟರಲ್ಲೇ ಇದೆ. ಅವರು ಇದ್ದರೂ ಸರಿ, ಹೋದರೂ ಸರಿ ಎನ್ನುವ ಹಾಗಾಗಿದೆ ನನಗೆ. ಮಕ್ಕಳಿಲ್ಲದ ಮನೆ, ಇವರೂ ಹೋದರೆ ನಾನೊಬ್ಬಳೇ. ಅದನ್ನು ಯೋಚಿಸಿದರೂ ಏನೂ ಅನ್ನಿಸುವುದಿಲ್ಲ.

ನಮ್ಮವರು ಹೋದದ್ದು ನವೆಂಬರಿನಲ್ಲಿ, ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ಹೃದಯ ನಿಂತಿತು ಎಂದರು. ಆ ಹಾಸಿಗೆಯ ಚಾದರ ಕೆಳಗೆ ನಮ್ಮಲ್ಲಿಗೇ ಬಂದಿರಬೇಕು. ಬೇರೆ ಚಾದರಗಳ ಜೊತೆ ಒಗೆದಿದ್ದೇವೆ, ಮಡಿಸಿ ಮೇಲಕ್ಕೆ ಕಳಿಸಿದ್ದೇವೆ. ಯಾವುದೆಂದು ಗೊತ್ತಿಲ್ಲ.

ಫೆಬ್ರವರಿ ೮, ಶನಿವಾರ

ನೆಲಕ್ಕೆಲ್ಲ ಹಳದಿ ಟೇಪು ಅಂಟಿಸಿದ್ದಾರೆ. ಕೊಳೆ ಬಟ್ಟೆಯ ಟ್ರಾಲಿ ಈ ಚೌಕದಲ್ಲೇ ನಿಲ್ಲಬೇಕು, ಮಡಿಯಾದದ್ದು ಆ ಚೌಕದಲ್ಲಿ. ಗೋಡೆಯ ಹಲಗೆಯ ಮೇಲೆ ಕತ್ತರಿ, ಬ್ರಷ್ಷು, ಸ್ಕ್ರೂಡ್ರೈವರ್ ಎಲ್ಲದರ ಆಕಾರ ಕಪ್ಪಗೆ ಬರೆದಿದ್ದಾರೆ. ಕತ್ತರಿ ಇಲ್ಲದಿದ್ದರೆ ಕತ್ತರಿಯ ಆಕಾರ ಖಾಲಿ ಕಾಣುತ್ತದೆ. "ಇರೋದನ್ನ ಎಲ್ಲರೂ ನೋಡ್ತಾರೆ. ಇಲ್ಲದ್ದು ಕಣ್ಣಿಗೆ ಹೊಡೀಬೇಕು," ಎಂದಳು ಯಾಕಮ್ಮ.

ಇಸ್ತ್ರಿ ಅಣ್ಣ ಗೋಡೆಗೆ ಒರಗಿ ನಿಂತು, "ನನ್ನ ಸುತ್ತಾನೂ ಗೀಚಿಬಿಡಿ, ನಾನು ರಜಾ ಹಾಕಿದ್ರೆ ಮ್ಯಾನೇಜರಿಗೆ ಗೊತ್ತಾಗ್ಲಿ," ಎಂದ. ಬಟ್ಟೆ ಮಡಿಸುವ ಹೆಂಗಸರು ನಿಜವಾಗಿಯೂ ಸೀಮೆಸುಣ್ಣ ತಂದು ಗೀಚಿದರು. ಕಿವಿ ಮಾತ್ರ ಆನೆಯ ಕಿವಿಯಷ್ಟು ದೊಡ್ಡದಾಯಿತು.

ಮನೆಯಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಿರುತ್ತಾರೆ. ನಾನು ಗೇಟು ತೆಗೆದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಆಸ್ಪತ್ರೆಯ ಬಟ್ಟೆ ಮುಟ್ಟಿ ಬಂದ ಮೈ, ನಾನು ಯಾರನ್ನೂ ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ನಡೆಯುತ್ತೇನೆ. ಹೊರಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಚಹಾ ಇರುತ್ತದೆ. ನಮ್ಮವರ ಕುರ್ಚಿಯ ಮುಂದೆ, ನಮ್ಮವರ ದಪ್ಪ ಲೋಟದಲ್ಲಿ, ಮೇಲೊಂದು ತಟ್ಟೆ ಮುಚ್ಚಿ. ಅಷ್ಟು ಹೊತ್ತಿಗೆ ಅತ್ತೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುತ್ತಾರೆ.

ಮಗ ಇನ್ನೂ ಇದ್ದಾನೆ ಎಂದುಕೊಂಡಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ, ತಲೆ ಸರಿಯುತ್ತಿದೆ. ನಾನು ಏನೂ ಹೇಳುವುದಿಲ್ಲ. ಚಹಾ ಮೋರಿಗೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕುತ್ತೇನೆ. ದಿನವೂ ಇದೇ.

ಫೆಬ್ರವರಿ ೧೩, ಗುರುವಾರ

ಕೆಂಪು ಚೀಟಿಯ ದಿನ. ಬೇಡವೆನಿಸಿದ ವಸ್ತುವಿಗೆ ಕೆಂಪು ಚೀಟಿ ಕಟ್ಟಿ ಮೂಲೆಯ ಕಪಾಟಿನಲ್ಲಿ ಇಡಬೇಕು. ಒಂದು ತಿಂಗಳೊಳಗೆ ಯಾರಾದರೂ ಬಂದು ಇದು ನನಗೆ ಬೇಕು, ಇಂಥದ್ದಕ್ಕೆ ಬೇಕು ಎಂದರೆ ವಾಪಸು. ಕೇಳುವವರೇ ಇಲ್ಲದಿದ್ದರೆ ಗುಜರಿಗೆ.

ಏನೇನು ಬಂತೆಂದರೆ ನಾಚಿಕೆಯಾಗಬೇಕು. ಮುರಿದ ತಕ್ಕಡಿ, ಮೂರು ಕಾಲಿನ ಕುರ್ಚಿ, ಯಾವುದೋ ಕಾಲದ ಬಟನ್ನುಗಳ ಡಬ್ಬ. ಇಸ್ತ್ರಿ ಅಣ್ಣನ ಬೀರುವಿನಿಂದ ಸುಟ್ಟುಹೋದ ಇಸ್ತ್ರಿಪೆಟ್ಟಿಗೆ ಹೊರಬಂತು. ಅವನು ಅದನ್ನು ಮಗುವಿನ ಹಾಗೆ ಅವುಚಿಕೊಂಡ.

"ಇದು ನನ್ನ ಮೊದಲನೇ ಪೆಟ್ಟಿಗೆ. ಇದರಲ್ಲೇ ಕೈ ಸುಟ್ಕೊಂಡು ಕೆಲಸ ಕಲ್ತಿದ್ದು."

"ಈಗ ಯಾಕೆ ಬೇಕು ಅಣ್ಣಾ?" ಎಂದಳು ಯಾಕಮ್ಮ.

"ಬೇಕು ಅಂತ ನಾನೆಲ್ಲಿ ಅಂದೆ? ಇರಲಿ ಅಂದೆ."

"ಇರಲಿ ಯಾಕೆ?"

ಅವನು ತಲೆ ಕೆರೆದುಕೊಂಡು ನಿಂತ. ಆಮೇಲೆ ತಾನೇ ಚೀಟಿ ಕಟ್ಟಿದ. "ಹೋಗ್ಲಿ ಬಿಡಿ, ಮನೇಲಿ ಹೆಂಡತಿ ಇದನ್ನ ನೋಡಿದ್ರೆ ನನಗೇ ಚೀಟಿ ಕಟ್ತಾಳೆ," ಎಂದ. ಚೀಟಿ ಕಟ್ಟುವ ಕೆಲಸ ನನಗೆ ಸಲೀಸಾಗಿ ಬಂತು. ಎತ್ತಿ ನೋಡುವುದು, ಕೊನೆಗೆ ಯಾವಾಗ ಬಳಸಿದ್ದು ಎಂದು ಕೇಳುವುದು, ಕಟ್ಟುವುದು. ಯಾಕಮ್ಮ, "ಅಕ್ಕ, ನಿಮ್ಮ ಕೈ ಎಲ್ಲೂ ತಡೆಯೋದೇ ಇಲ್ಲ," ಎಂದು ಹೊಗಳಿದಳು.

ಉಳಿದ ಒಂದು ಕಟ್ಟು ಚೀಟಿ ಬ್ಯಾಗಿನಲ್ಲಿ ಮನೆಗೆ ಬಂತು.

ಫೆಬ್ರವರಿ ೧೬, ಭಾನುವಾರ

ಬೆಳಗಿನಿಂದ ಮನೆ ಕೆಲಸ. ನಮ್ಮವರ ಅಂಗಿಗಳು, ಷೂ, ಎರಡು ಬೆಲ್ಟು, ಹಳೆಯ ರೇಡಿಯೋ, ಕನ್ನಡಕ. ಎಲ್ಲಕ್ಕೂ ಕೆಂಪು ಚೀಟಿ. ಅಡುಗೆಮನೆಯ ಕೆಳಗಿನ ಕಪಾಟು ಖಾಲಿ ಮಾಡಿ ಅಲ್ಲಿಟ್ಟೆ. ಷೂ ಒಳಗೆ ಅವರ ಪಾದದ ಗುರುತು ಕಪ್ಪಗೆ ಕೂತಿತ್ತು, ಹಲಗೆಯ ಮೇಲೆ ಕತ್ತರಿಯ ಆಕಾರ ಇದ್ದ ಹಾಗೆ. ನೋಡಿದೆ. ಮುಚ್ಚಿಟ್ಟೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದೆಲ್ಲ ಏನೇ?" ಎಂದರು.

"ಬೇಡದ್ದನ್ನ ತೆಗೀತಿದ್ದೀನಿ ಅತ್ತೆ. ಲಾಂಡ್ರೀಲಿ ಹೀಗೇ ಮಾಡ್ತಾರೆ."

"ಹೂಂ," ಎಂದರು. ಕಪಾಟಿನ ಹತ್ತಿರ ಬಂದು, "ಕನ್ನಡಕ ನನಗೆ ಬೇಕು," ಎಂದರು. ಬೇಕು ಎಂದು ಕೇಳಿದ್ದರಿಂದ ಚೀಟಿ ಬಿಚ್ಚಿ ಕೊಟ್ಟೆ. ನಿಯಮ ನಿಯಮವೇ.

ದಪ್ಪ ಲೋಟಕ್ಕೂ ಚೀಟಿ ಕಟ್ಟಿದೆ. ಅದು ಕಣ್ಣ ಮುಂದೆ ಇಲ್ಲದಿದ್ದರೆ ಈ ಚಹಾದ ಹುಚ್ಚು ನಿಲ್ಲಬಹುದು.

ಫೆಬ್ರವರಿ ೧೮, ಮಂಗಳವಾರ

ನಿಲ್ಲಲಿಲ್ಲ. ಈಗ ಸಣ್ಣ ಗಾಜಿನ ಕಪ್ಪಿನಲ್ಲಿ ಇಡುತ್ತಾರೆ. ಅದೇ ಕುರ್ಚಿಯ ಮುಂದೆ. ತಟ್ಟೆಯ ಮೇಲೆ ಒಂದು ಬಟ್ಟೆ ಬೇರೆ ಸುತ್ತಿರುತ್ತಾರೆ.

ಫೆಬ್ರವರಿ ೨೪, ಸೋಮವಾರ

ಬೆಳಗ್ಗೆ ದೊಡ್ಡ ರಾದ್ಧಾಂತ. ಚಾದರ ಸಾಲದು ಎಂದು ಎರಡನೇ ಮಹಡಿಯಿಂದ ಫೋನು, ಒಂದನೆಯದರಿಂದ ಫೋನು, ಆಪರೇಷನ್ ಥಿಯೇಟರಿನಿಂದ ಬೈಗುಳ. ಕೊಂಡ ಚಾದರದ ಲೆಕ್ಕ ನೋಡಿದರೆ ಇಡೀ ಆಸ್ಪತ್ರೆಗೆ ಎರಡು ಸುತ್ತು ಹಾಸಿ ಮಿಗಬೇಕು. ಮ್ಯಾನೇಜರ್, "ವಾರ್ಡಿನವರು ಕದೀತಿದ್ದಾರೆ, ಅಷ್ಟೇ," ಎಂದು ಷರಾ ಬರೆದುಬಿಟ್ಟರು.

ಯಾಕಮ್ಮ ನನ್ನ ಕಡೆ ತಿರುಗಿದಳು. "ನಾವು ಇಲ್ಲಿ ಕೂತು ಕಥೆ ಕಟ್ಟೋದು ಬೇಡ ಅಕ್ಕ. ಕೆಲಸ ನಡೆಯೋ ಜಾಗಕ್ಕೆ ಹೋಗೋಣ. ಮಾಡೋರನ್ನೇ ಕೇಳೋಣ. ಯಾಕೆ ಅಂತ ಕೇಳಿ, ಬಂದ ಉತ್ತರಕ್ಕೂ ಯಾಕೆ ಅಂತ ಕೇಳಿ, ಹಾಗೇ ಐದು ಸಲ ಕೇಳಿದ್ರೆ ಬುಡ ಸಿಗುತ್ತೆ."

"ಸರಿ, ಯಾವ ವಾರ್ಡು?"

"ಮೂರನೇ ಮಹಡಿ. ಅಲ್ಲಿಂದ ಫೋನೇ ಬಂದಿಲ್ಲ. ಯಾಕೆ ಬಂದಿಲ್ಲ?"

ನವೆಂಬರಿನಿಂದ ನಾನು ಅಲ್ಲಿಗೆ ಹೋಗಿರಲಿಲ್ಲ. ಅವಳಿಗೆ ಅದು ಗೊತ್ತಿಲ್ಲ, ನಾನೂ ಹೇಳಲಿಲ್ಲ. ಲಿಫ್ಟಿಗೆ ಕಾದೆವು. ಬರಲಿಲ್ಲ. ತಿಂಡಿಯ ಟ್ರಾಲಿಗಳು ಅದನ್ನು ಹಿಡಿದಿಟ್ಟುಕೊಂಡಿದ್ದವು. ಮೆಟ್ಟಿಲು ಹತ್ತಿದೆವು.

ನರ್ಸ್ ನನ್ನ ಗುರುತು ಹಿಡಿದಳು. "ನೀವು ಹನ್ನೊಂದನೇ ಬೆಡ್ಡಿನವರ..." ಎಂದು ನಿಲ್ಲಿಸಿದಳು.

"ಹೌದು. ಚಾದರ ಎಲ್ಲಿಡ್ತೀರಿ?" ಎಂದೆ.

ಅವಳು ಬೆಪ್ಪಾಗಿ ನನ್ನ ಮುಖ ನೋಡಿ ಬೀರು ತೆಗೆದಳು. ಚಾವಣಿಯವರೆಗೆ ಚಾದರ. ಹನ್ನೊಂದನೇ ಹಾಸಿಗೆಯಲ್ಲಿ ಯಾರೋ ಒಬ್ಬ ಯುವಕ ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಹಾಸಿದ್ದ ಚಾದರದ ಅಂಚು ಎಳೆ ಬಿಟ್ಟಿತ್ತು, ಅದನ್ನು ಬದಲಿಸಬೇಕು ಎಂದುಕೊಂಡೆ. ಬೇರೇನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

"ಯಾಕೆ ಇಷ್ಟು ಕೂಡಿಟ್ಟಿದ್ದೀರಿ?" ಎಂದಳು ಯಾಕಮ್ಮ.

"ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬರಲ್ಲ. ಸಿಕ್ಕಿದ ದಿನ ಎತ್ತಿಡ್ತೀವಿ."

"ಯಾಕೆ ಬರಲ್ಲ?"

ನರ್ಸಿಗೆ ರೇಗಿತು. "ಅದನ್ನ ಇವರನ್ನ ಕೇಳಿ! ನಾನೇನು ಮನೆಗೆ ಹೊತ್ಕೊಂಡು ಹೋಗ್ತೀನಾ? ಒಂದಿನಾನಾದ್ರೂ ಕೆಳಗಿನವರು ಮೇಲೆ ಬಂದು ನಮ್ಮನ್ನ ಕೇಳಿದ್ದೀರಾ? ಕಳ್ಳರು ಅನ್ನೋಕೆ ಮಾತ್ರ ಎಲ್ಲರೂ ಮುಂದು."

ಅವಳ ಮಾತು ನ್ಯಾಯವೇ. ಚಾದರ ತಡ, ಯಾಕೆಂದರೆ ಟ್ರಾಲಿ ತಡ, ಯಾಕೆಂದರೆ ಲಿಫ್ಟು ಇಲ್ಲ, ಯಾಕೆಂದರೆ ಅದೇ ಹೊತ್ತಿಗೆ ತಿಂಡಿ ಹೋಗುತ್ತದೆ, ಯಾಕೆಂದರೆ ಲಾಂಡ್ರಿಯವರೂ ಅಡುಗೆಯವರೂ ಒಬ್ಬರನ್ನೊಬ್ಬರು ಕೇಳಿಯೇ ಇಲ್ಲ. ಇಷ್ಟೇ. ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ಹಲ್ಲು ಮಸೆದದ್ದು ಇಷ್ಟಕ್ಕೆ.

ಮಾರ್ಚ್ ೧, ಶನಿವಾರ

ನಮ್ಮ ಟ್ರಾಲಿ ಈಗ ತಿಂಡಿಗಿಂತ ಮುಂಚೆ ಹೊರಡುತ್ತದೆ. ಫೋನುಗಳು ನಿಂತಿವೆ. ವಾರ್ಡಿನವರು ಬಚ್ಚಿಟ್ಟ ಚಾದರಗಳನ್ನು ಒಂದೊಂದೇ ಮೂಟೆಯಾಗಿ ಕೆಳಗೆ ಬಿಡುತ್ತಿದ್ದಾರೆ. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಇಸ್ತ್ರಿ ಅಣ್ಣ, "ಅಕ್ಕಾ, ಇನ್ಮೇಲೆ ನಿಮ್ಮನ್ನ ಸಣ್ಣ ಯಾಕಮ್ಮ ಅಂತೀವಿ," ಎಂದ.

ಸಾಮಾನು ಮುಗಿಯುವ ಮುಂಚೆ ಗೊತ್ತಾಗಲು ಯಾಕಮ್ಮ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದಾಳೆ. ಸೋಪಿನ ಪುಡಿಯ ಡ್ರಮ್ಮಿನೊಳಗೆ ಒಂದು ಮಟ್ಟದಲ್ಲಿ ಹಳದಿ ಕಾರ್ಡು. ಬಳಸುತ್ತಾ ಕಾರ್ಡು ಕಾಣಿಸಿದರೆ ತರಿಸುವ ಹೊತ್ತಾಯಿತು ಎಂದರ್ಥ. ಒಳ್ಳೆಯದಿದೆ. ಮನೆಯಲ್ಲಿ ಅಕ್ಕಿ, ಎಣ್ಣೆ, ಸಕ್ಕರೆ ಎಲ್ಲಕ್ಕೂ ಮಾಡಿದೆ.

ಮಾರ್ಚ್ ೭, ಶುಕ್ರವಾರ

ಸಕ್ಕರೆ ಡಬ್ಬಿಯಲ್ಲಿ ಕಾರ್ಡು ಆಗಲೇ ಕಾಣುತ್ತಿದೆ. ಅಕ್ಕಿಯದು ಇನ್ನೂ ಎಲ್ಲೋ ಕೆಳಗಿದೆ.

ಇದು ಹೇಗೆ? ಅತ್ತೆಗೆ ಸಕ್ಕರೆ ಕಾಯಿಲೆ, ನಾಲಿಗೆಗೂ ಸೋಕಿಸುವುದಿಲ್ಲ. ನಮ್ಮವರಿಗೂ ಅದೇ ಕಾಯಿಲೆ, ಇಬ್ಬರ ಚಹಾವೂ ಸಪ್ಪೆ. ಈ ಮನೆಯಲ್ಲಿ ಸಿಹಿ ಚಹಾ ಕುಡಿಯುತ್ತಿದ್ದವಳು ನಾನೊಬ್ಬಳೇ, ಅದೂ ನವೆಂಬರಿನ ತನಕ. ಆಮೇಲೆ ಮನೆಯಲ್ಲಿ ಚಹಾ ಬೇಡವಾಗಿದೆ. ಲಾಂಡ್ರಿಯಲ್ಲಿ ಎಲ್ಲರ ಜೊತೆ ಕುಡಿಯುತ್ತೇನೆ, ಮನೆಯಲ್ಲಿ ಆಗುವುದಿಲ್ಲ.

ಅಂದರೆ ಅತ್ತೆ ಕದ್ದು ತಿನ್ನುತ್ತಿದ್ದಾರೆ. ಇಲ್ಲವೇ ಎಲ್ಲೋ ಚೆಲ್ಲಿ ಮರೆಯುತ್ತಿದ್ದಾರೆ. ಡಬ್ಬಿಯನ್ನು ಅಟ್ಟದ ಮೇಲೆ ಇಡೋಣವೆಂದುಕೊಂಡೆ. ಸುಸ್ತಾಗಿತ್ತು, ಬಿಟ್ಟೆ. ಒಂದು ಸಣ್ಣ ಪೊಟ್ಟಣ ತಂದು ಸುರಿದೆ.

ಮಾರ್ಚ್ ೮, ಶನಿವಾರ

ನಾದಿನಿಗೆ ನಾನೇ ಫೋನ್ ಮಾಡಿದೆ. ಚಹಾದ ವಿಷಯ ಹೇಳಿದೆ. ಸತ್ತ ಮಗನಿಗೆ ದಿನಾ ಚಹಾ ಇಡ್ತಾರೆ, ಸಕ್ಕರೆ ಬೇರೆ ಏನೋ ಮಾಡ್ತಾರೆ, ನಾಳೆ ಗ್ಯಾಸ್ ಹಚ್ಚಿ ಮರೆತರೆ ಗತಿಯೇನು.

ಅವಳು ಅತ್ತಳು. "ಅಮ್ಮಂಗೆ ಹೀಗಾಯ್ತಾ," ಎಂದು ಬಿಕ್ಕಿದಳು. ಆಮೇಲೆ ಮೂಗು ಸೀಟಿಕೊಂಡು, "ಮುಂದಿನ ಭಾನುವಾರ ಕಾರ್ ಮಾಡ್ಕೊಂಡು ಬರ್ತೀನಿ ಅತ್ತಿಗೆ. ನೀವು ಒಬ್ಬರೇ ಎಷ್ಟು ಅಂತ ತಡ್ಕೋತೀರಿ," ಎಂದಳು.

ಹೂಂ ಎಂದೆ. ಕೆಲಸ ಮುಗಿಯಿತು.

ಮಾರ್ಚ್ ೧೦, ಸೋಮವಾರ

ಅತ್ತೆಗೆ ಬೆಳಗ್ಗೆ ಹೇಳಿದೆ. ಬಸ್ಸಿಗೆ ಹೊತ್ತಾಗಿತ್ತು, ಚಪ್ಪಲಿ ಮೆಟ್ಟುತ್ತಾ ಹೇಳಿದೆ. "ಭಾನುವಾರ ನಿಮ್ಮ ಮಗಳು ಬರ್ತಾಳೆ. ಅವಳ ಜೊತೆ ಹೋಗಿ ಇರಿ. ಇಲ್ಲಿ ಒಬ್ಬರೇ ಕಷ್ಟ."

"ನನಗೇನು ಕಷ್ಟ?" ಎಂದರು.

"ನನಗೆ ನಿಮ್ಮ ಕಡೆ ನೋಡೋಕಾಗಲ್ಲ ಅತ್ತೆ."

ನಾನು ಗೇಟು ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಎರಡು ಮೂರು ಸಲ ಕಿವಿಯಲ್ಲಿ ಕೇಳಿಸಿತು. ಇನ್ನೊಂದು ರೀತಿ ಹೇಳಬಹುದಿತ್ತು.

ಮಾರ್ಚ್ ೧೩, ಗುರುವಾರ

ಯಾಕಮ್ಮನಿಗೆ ಇವತ್ತು ಕೊನೆಯ ದಿನ. ಮುಂದಿನ ವಾರ ಬೇರೆ ಆಸ್ಪತ್ರೆ. ಎಲ್ಲರೂ ಸೇರಿ ಕೇಕು ತರಿಸಿದೆವು. ಇಸ್ತ್ರಿ ಅಣ್ಣ ಕೇಕಿನ ಮೇಲೆ "ಯಾಕೆ?" ಎಂದು ಬರೆಸಿದ್ದ. ಅವಳು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ನನಗೂ ನಗು ಬಂತು. ಚೆನ್ನಾಗಿಯೇ ಬಂತು.

ತಿಂಗಳು ತುಂಬಿದ್ದರಿಂದ ಕೆಂಪು ಚೀಟಿಯ ಕಪಾಟು ಖಾಲಿ ಮಾಡಿದೆವು. ಗುಜರಿಯವನು ಬಂದು ತುಂಬಿಕೊಂಡು ಹೋದ. ಸುಟ್ಟ ಇಸ್ತ್ರಿಪೆಟ್ಟಿಗೆಯನ್ನೂ ಒಯ್ದ. ಇಸ್ತ್ರಿ ಅಣ್ಣ ಗಾಡಿಯ ಹಿಂದೆ ಗೇಟಿನವರೆಗೆ ಹೋಗಿ ಕೈ ಬೀಸಿ ಬಂದ.

ಹೊರಡುವಾಗ ಯಾಕಮ್ಮ ನನ್ನ ಹತ್ತಿರ ಬಂದು, "ಪುಸ್ತಕ ಬರೀತಿದ್ದೀರಾ ಅಕ್ಕ?" ಎಂದಳು.

"ಬರೀತಿದ್ದೀನಿ."

"ಒಂದೇ ಒಂದು ಮಾತು, ತಪ್ಪು ತಿಳ್ಕೋಬೇಡಿ. ನೀವು ಎಲ್ಲರಿಗಿಂತ ಬೇಗ ಕಲ್ತಿರಿ. ಆದ್ರೆ ಚೀಟಿ ಕಟ್ಟೋದ್ರಲ್ಲಿ ಇರೋ ಅವಸರ ಕೇಳೋದ್ರಲ್ಲಿ ಇಲ್ಲ ನಿಮಗೆ. ಡ್ರಮ್ಮಿನಲ್ಲಿ ಸೋಪು ಬೇಗ ಮುಗೀತು ಅಂದ್ರೆ ಮೊದಲು ಯಾರು ಬಳಸಿದ್ರು ಅಂತ ಕೇಳ್ಬೇಕು, ಯಾರು ಹಾಳು ಮಾಡಿದ್ರು ಅಂತ ಅಲ್ಲ."

ನನ್ನ ಮಗಳ ವಯಸ್ಸಿನವಳು, ಇದ್ದಿದ್ದರೆ. ಸಿಟ್ಟು ಬಂತು. ಸಿಟ್ಟು ಬಂದದ್ದೇ ಎಷ್ಟೋ ದಿನದ ಮೇಲೆ.

ಮಾರ್ಚ್ ೧೫, ಶನಿವಾರ

ಅರ್ಧ ದಿನ ಕೆಲಸ. ಮನೆಗೆ ಬಂದಾಗ ಬಿಸಿಲಿತ್ತು. ಅತ್ತೆಯ ಬಟ್ಟೆಯ ಚೀಲ ಬಾಗಿಲ ಪಕ್ಕ ತಯಾರಿತ್ತು. ಒಂದೇ ಚೀಲ. ಈ ಮನೆಯಲ್ಲಿ ಇಷ್ಟು ವರ್ಷ ಬಾಳಿದವರದು ಅಷ್ಟೇ ಸಾಮಾನು. ಮೇಲೆ ನಮ್ಮವರ ಕನ್ನಡಕವನ್ನು ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು.

ನಾನು ಸ್ನಾನ ಮುಗಿಸಿ ಬಂದೆ. ಮೇಜಿನ ಮೇಲೆ ಗಾಜಿನ ಕಪ್ಪು, ತಟ್ಟೆ, ಬಟ್ಟೆ. ಕೈ ತಾನಾಗಿ ಕಪ್ಪನ್ನು ಎತ್ತಿಕೊಂಡು ಮೋರಿಯ ಕಡೆ ತಿರುಗಿತು. ಇವತ್ತು ಅತ್ತೆ ಹಿತ್ತಲಿಗೆ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಆರಿಹೋಗಿದ್ಯಾ?" ಎಂದರು. "ಈ ಹಾಳು ಕಪ್ಪಿನಲ್ಲಿ ಬಿಸಿ ನಿಲ್ಲಲ್ಲ ಕಣೇ. ಆ ದಪ್ಪ ಲೋಟ ಕೆಳಗೆ ಇಟ್ಬಿಟ್ಯಲ್ಲ. ನಾಳೆಯಿಂದ ಅದನ್ನೇ ತೆಗೆದು ಅದರಲ್ಲೇ ಹಾಕ್ಕೊಂಡು ಕುಡಿ."

"ಯಾಕೆ?" ಎಂದೆ. ತಿಂಗಳೊಪ್ಪತ್ತಿನ ಅಭ್ಯಾಸ, ಬಾಯಿಂದ ಬಿದ್ದುಹೋಯಿತು.

"ಯಾಕೆ ಅಂದ್ರೆ? ಅದರಲ್ಲಿ ಹೆಚ್ಚು ಹೊತ್ತು ಬಿಸಿ ಇರುತ್ತೆ."

"ಬಿಸಿ ಯಾಕೆ ಇರಬೇಕು ಅತ್ತೆ?"

"ನೀನು ಬಂದೋಳೇ ಬಚ್ಚಲಿಗೆ ಹೋಗ್ತೀಯ. ತಲೆ ಬೇರೆ ತೊಳ್ಕೋತೀಯ. ಬರೋಷ್ಟರಲ್ಲಿ ಆರಿ ತಣ್ಣಗಾಗಿರುತ್ತೆ."

ನಾನು ಕಪ್ಪು ಹಿಡಿದು ನಿಂತೇ ಇದ್ದೆ. "ಇದು ನನಗಾ?"

"ಮತ್ತಿನ್ಯಾರಿಗೆ? ಈ ಮನೇಲಿ ಇನ್ಯಾರಿದ್ದಾರೆ? ನನ್ನದು ಮೂರು ಗಂಟೆಗೇ ಆಗಿರುತ್ತೆ. ದಿನಾ ಕುಡೀತಿದ್ದೆಯಲ್ಲ, ಇವತ್ತೇನು ಹೊಸದಾಗಿ ಕೇಳ್ತೀಯ?"

ಅವರ ಲೆಕ್ಕದಲ್ಲಿ ನಾನು ದಿನಾ ಕುಡಿಯುತ್ತಿದ್ದೆ. ಹಿತ್ತಲಿನಿಂದ ಅವರು ಬಟ್ಟೆ ತೆಗೆದುಕೊಂಡು ಒಳಗೆ ಬಂದರೆ ಲೋಟ ತೊಳೆದು ಬೋರಲು ಹಾಕಿರುತ್ತಿತ್ತು. ಕುಡಿದಿದ್ದಾಳೆ ಎಂದುಕೊಂಡು ಅವರು ಒಳಗೆ ಹೋಗಿ ದೀಪ ಹಾಕುತ್ತಿದ್ದರು. ಇದೆಲ್ಲ ನನಗೆ ಅಲ್ಲಿ ನಿಂತಲ್ಲೇ ಕಂಡಿತು.

"ಅವರ ಕುರ್ಚಿ ಮುಂದೆ ಯಾಕೆ ಇಡ್ತಿದ್ರಿ?" ಸ್ವರ ನನ್ನದಲ್ಲ ಎನ್ನುವ ಹಾಗೆ ಬಂತು.

"ಮದುವೆಯಾಗಿ ಬಂದಾಗಿನಿಂದ ಆ ಒಲೆ ಪಕ್ಕದ ಸ್ಟೂಲಿನ ಮೇಲೆ ಕೂತೇ ಕುಡಿದೆ ನೀನು. ಒಂದು ಕಣ್ಣು ಒಲೆ ಮೇಲೆ, ಒಂದು ಗಡಿಯಾರದ ಮೇಲೆ. ಈಗಲಾದ್ರೂ ಕುರ್ಚಿ ಮೇಲೆ ನೆಟ್ಟಗೆ ಕೂತು ಕುಡೀಲಿ ಅಂತ." ಆಮೇಲೆ ನನ್ನ ಮುಖ ನೋಡಿ ಅವರಿಗೆ ಏನೋ ಹೊಳೆಯಿತು. "ಅವನಿಗೆ ಇಡ್ತಿದ್ದೀನಿ ಅಂದ್ಕೊಂಡ್ಯಾ? ಅಯ್ಯೋ ಹುಚ್ಚಿ. ಅವನು ಹೋದ ಅಂತ ನನಗೆ ಗೊತ್ತಿಲ್ವಾ? ಹೆತ್ತವಳು ಕಣೇ ನಾನು. ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

"ಮತ್ತೆ ಒಂದು ಸಲಾನೂ ಬಾ ಕುಡಿ ಅಂತ ಕರೀಲಿಲ್ಲ ನೀವು."

"ಕರೆದ್ರೆ ಬೇಡ ಅಂತಿದ್ದೆ. ಊಟಕ್ಕೆ ಕರೆದ್ರೂ ಬೇಡ, ಮಾತಾಡಿಸಿದ್ರೂ ಬೇಡ. ಇಟ್ಟು ಹೋದ್ರೆ ಕುಡೀತೀಯ ಅಂತ ಗೊತ್ತಾಯ್ತು. ಹಾಗೇ ಇಟ್ಟು ಹೋಗ್ತಿದ್ದೆ."

ನಾನು ಕುರ್ಚಿಯ ಮೇಲೆ ಕೂತೆ. ತಟ್ಟೆ ತೆಗೆದು ಒಂದು ಗುಟುಕು ಕುಡಿದೆ. ಎರಡು ಚಮಚ ಸಕ್ಕರೆ, ನಾನು ಹಾಕಿಕೊಳ್ಳುವಷ್ಟೇ. ಇಷ್ಟು ತಿಂಗಳಲ್ಲಿ ಒಂದು ದಿನ, ಒಂದೇ ಒಂದು ಗುಟುಕು ಬಾಯಿಗೆ ಹಾಕಿದ್ದರೆ ಸಾಕಿತ್ತು, ಯಾರಿಗೆಂದು ಗೊತ್ತಾಗುತ್ತಿತ್ತು. ಆಮೇಲೆ ನಾನು ಮೇಜಿಗೆ ತಲೆಯಿಟ್ಟು ಅತ್ತ ಅಳು, ನವೆಂಬರಿನಲ್ಲಿ ಅಳಬೇಕಾಗಿದ್ದದ್ದು, ಅಷ್ಟು ದಿನ ಎಲ್ಲಿತ್ತೋ. ಮೂರನೇ ಮಹಡಿಯೂ ಬಂತು, ಷೂ ಒಳಗಿನ ಪಾದವೂ ಬಂತು. ಅತ್ತೆ ಬಂದು ಒದ್ದೆ ತಲೆಯ ಮೇಲೆ ಕೈಯಿಟ್ಟರು. "ಕುಡಿದು ಅಳು, ಆರಿಹೋಗುತ್ತೆ," ಎಂದರು.

ಪೂರ್ತಿ ಕುಡಿದೆ. ತಣ್ಣಗಾಗಿತ್ತು.

"ದಿನಾ ಚೆನ್ನಾಗಿರ್ತಿತ್ತಾ?" ಎಂದು ಕೇಳಿದರು.

"ಚೆನ್ನಾಗಿರ್ತಿತ್ತು ಅತ್ತೆ," ಎಂದೆ.

ಮಾರ್ಚ್ ೧೬, ಭಾನುವಾರ

ನಾದಿನಿ ಹತ್ತು ಗಂಟೆಗೆ ಬಂದಳು. ಬಂದವಳೇ ಅಮ್ಮನನ್ನು ತಬ್ಬಿಕೊಂಡು ಅವರ ಕಣ್ಣು, ಕೈ ಎಲ್ಲ ಪರೀಕ್ಷೆ ಮಾಡುವವಳ ಹಾಗೆ ನೋಡಿದಳು. "ಅಮ್ಮಾ, ನಾನ್ಯಾರು ಹೇಳು?" ಎಂದಳು.

"ಸಣ್ಣವಳಿದ್ದಾಗ ಮೂಗು ಸುರಿಸ್ಕೊಂಡು ತಿರುಗ್ತಿದ್ದೋಳು," ಎಂದರು ಅತ್ತೆ. "ಏನಾಗಿದೆ ನಿಮ್ಮಿಬ್ಬರಿಗೂ?"

ನಾನು ನಾದಿನಿಗೆ ನಿಜ ಹೇಳಿದೆ, ಇದ್ದದ್ದು ಇದ್ದ ಹಾಗೆ, ಮೋರಿಯ ಮಾತು ಒಂದು ಬಿಟ್ಟು. ನಾನೇ ತಪ್ಪು ತಿಳಿದದ್ದು ಎಂದೆ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಲ್ಲ ಅತ್ತಿಗೆ, ಒಂದು ಮಾತು ಕೇಳಬಾರದಿತ್ತಾ?" ಎಂದಳು. ಇಡೀ ಆಸ್ಪತ್ರೆಯನ್ನು ಯಾಕೆ ಯಾಕೆ ಎಂದು ಕೇಳಿ ಬಂದೆ, ನನ್ನ ಅಡುಗೆಮನೆಯಲ್ಲಿ ಕೇಳಲಿಲ್ಲ.

ಆಮೇಲೆ ಅತ್ತೆಯ ಎದುರಿಗೆ ಕೂತು ಕೇಳಿದೆ. "ನಿಮಗೆ ಹೋಗ್ಬೇಕಾ ಅತ್ತೆ, ಇರ್ಬೇಕಾ?"

"ಈಗ ಕೇಳ್ತಿದ್ದೀಯ," ಎಂದರು. ಮುಖ ಊದಿಸಿಕೊಂಡರು. ಅದು ಅವರಿಗೆ ಸಲ್ಲಬೇಕಾದದ್ದೇ. ಆಮೇಲೆ, "ನನ್ನ ಕಡೆ ನೋಡೋಕಾಗಲ್ಲ ಅಂದ್ಯಲ್ಲ," ಎಂದರು.

"ಅಂದೆ. ತಪ್ಪಾಯ್ತು. ನೀವು ಹೋದ್ರೆ ನನ್ನ ಕಡೆ ನೋಡೋರು ಯಾರೂ ಇಲ್ಲ."

ಅತ್ತೆ ಎದ್ದು ಬಾಗಿಲ ಪಕ್ಕದ ಚೀಲ ಎತ್ತಿಕೊಂಡು ಒಳಕೋಣೆಗೆ ಹೋದರು. ನಾದಿನಿ ಮಧ್ಯಾಹ್ನ ಊಟ ಮಾಡಿ ಖಾಲಿ ಕಾರಿನಲ್ಲಿ ಹೊರಟಳು. ಗೇಟಿನಲ್ಲಿ ನಿಂತು, "ನೀವೂ ಒಂದು ಸಲ ಬನ್ನಿ ಅತ್ತಿಗೆ, ಅಮ್ಮನ್ನ ಕರ್ಕೊಂಡು," ಎಂದಳು. ಬರುತ್ತೇವೆ ಎಂದೆ. ಹೋಗುತ್ತೇವೆ.

ಕೆಳಗಿನ ಕಪಾಟು ತೆಗೆದು ಲೋಟದ ಚೀಟಿ ಬಿಚ್ಚಿದೆ. ಅಂಗಿಗಳು, ಷೂ ಸದ್ಯಕ್ಕೆ ಅಲ್ಲೇ ಇರಲಿ. ಇರಲಿ ಯಾಕೆ ಎಂದು ಯಾರೂ ಕೇಳುವುದು ಬೇಡ.

ಚೆಲ್ಲಿದ ಚಹಾದ ಮಾತು ಅತ್ತೆಗೆ ಹೇಳಿಲ್ಲ. ಹೇಳುವುದೂ ಇಲ್ಲ. ಅವರ ಮಟ್ಟಿಗೆ ನಾನು ನವೆಂಬರಿನಿಂದ ಒಂದು ದಿನವೂ ತಪ್ಪದೆ ಅವರ ಕೈಯ ಚಹಾ ಕುಡಿದಿದ್ದೇನೆ, ಹಾಗೇ ಇರಲಿ.

ಸಂಜೆಯಾಗಿದೆ. ನಮ್ಮವರ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಚಹಾ ಕುದಿಯುವ ವಾಸನೆ. ಅತ್ತೆ ಅಲ್ಲಿಂದಲೇ ಕೂಗಿ ಹೇಳಿದರು, ಡಬ್ಬಿಯಲ್ಲಿ ಮತ್ತೆ ಹಳದಿ ಕಾರ್ಡು ಕಂಡಿದೆಯಂತೆ. ನಾಳೆ ಬರುವಾಗ ಸಕ್ಕರೆ ತರಬೇಕು. ನನಗೆ ಬೇಕು.